ಮೊದಲ ಬಟ್ಟಲು

ಅಬ್ದುಲ್ಲನ ಚೂರಿಯ ಮೊನೆ ಚಹಾಬಿಲ್ಲೆಗೆ ಸುತ್ತಿದ್ದ ದಾರವನ್ನು ಕತ್ತರಿಸಿದಾಗ ಗ್ರೇಸಿ ಕಪ್ಪು ಸೀರೆಯ ಸೆರಗನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. ಕೊಲ್ಲಿ ನಾಡಿನ ಬನಿಯಾಸ್‌ನ ಸ್ಮಶಾನದಲ್ಲಿ ಗಂಡ ಸ್ಟೀಫನ್ನನ ಪೆಟ್ಟಿಗೆಯ ಮೇಲೆ ಮರಳು ಹಾಕಿ ಬಂದು ಎರಡು ಗಂಟೆಯೂ ಆಗಿರಲಿಲ್ಲ. ಟೂರಿಸ್ಟ್ ಕ್ಲಬ್ ಏರಿಯಾದ ಆ ಪುಟ್ಟ ಫ್ಲ್ಯಾಟಿನ ತುಂಬ ಅವನು ಇಪ್ಪತ್ತು ವರ್ಷ ದುಡಿದ ಹೋಟೆಲಿನ ಜನ. ಅವರೆಲ್ಲರೆದುರು ತನ್ನ ಕಳ್ಳತನ ಇಂದು ಬಯಲಾಗಲಿದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

"ಬಾಯಮ್ಮ, ಆಸ್ಪತ್ರೆಯಲ್ಲಿ ಸ್ಟೀಫನ್ ನನ್ನ ಕೈ ಹಿಡಿದು ಹೇಳಿದ್ದು," ಎಂದ ಅಬ್ದುಲ್ಲ ಗ್ರೇಸಿಗೆ. ಪುತ್ತೂರಿನ ಕಡೆಯವನು, ಹೋಟೆಲಿನ ಚಹಾ ಕೌಂಟರಿನಲ್ಲಿ ಸ್ಟೀಫನ್ನನ ಜೊತೆಗಾರ. "ಮಣ್ಣು ಮಾಡಿ ಬಂದ ಮೇಲೆ ಇದರ ಚಾ ನೀನೇ ಮಾಡ್ಬೇಕು, ಫಸ್ಟ್ ಕಪ್ ಗ್ರೇಸಿಗೆ ಕೊಡ್ಬೇಕು ಅಂತ."

*

ಬಿಲ್ಲೆ ಮನೆಗೆ ಬಂದದ್ದು 2008ರಲ್ಲಿ. ಹೋಟೆಲಿನಲ್ಲಿ ತಂಗಿದ್ದ ಚೀನೀ ಮುದುಕರೊಬ್ಬರು ಸ್ಟೀಫನ್ನನ ಕೈಗುಣ ಮೆಚ್ಚಿ ಕೊಟ್ಟುಹೋದದ್ದು. ಯುನ್ನಾನಿನ ಬೆಟ್ಟದ ಮುನ್ನೂರು ವರ್ಷದ ಮರಗಳ ಎಲೆ. ಒತ್ತಿ ರೊಟ್ಟಿಯಂತೆ ಗುಂಡಗೆ ಮಾಡಿದ್ದರು. ಹತ್ತು ವರ್ಷ ಕಾದರೆ ಕಹಿ ಇಳಿದು ಸಿಹಿ ಏಳುತ್ತದೆ, ಆದರೆ ಪರವಾಸನೆ ಸೋಕಿದರೆ ಎಲ್ಲವೂ ಮುಗಿಯಿತು ಎಂದಿದ್ದರಂತೆ. ಸ್ಟೀಫನ್ ಅಂದೇ ಕಟ್ಟಪ್ಪಣೆ ಹೊರಡಿಸಿದ: ಇನ್ನು ಈ ಮನೆಯಲ್ಲಿ ಒಣಮೀನು ಸುಡುವ ಹಾಗಿಲ್ಲ.

ಒಣ ಬಂಗುಡೆಯ ಚೂರಿಲ್ಲದೆ ಗಂಜಿ ಗಂಟಲಲ್ಲಿ ಇಳಿಯದ ಉಳ್ಳಾಲದ ಹೆಣ್ಣು ಐದು ವರ್ಷ ಬಾಯಿ ಕಟ್ಟಿದಳು.

2013ರಲ್ಲಿ ಅವಳ ತಾಯಿ ತೀರಿಕೊಂಡಳು. ವೀಸಾ ನವೀಕರಣಕ್ಕೆ ಹೋಗಿದ್ದ ಪಾಸ್‌ಪೋರ್ಟ್ ಸಮಯಕ್ಕೆ ಕೈಗೆ ಬಾರದೆ ಅವಳಿಗೆ ಮಣ್ಣಿಗೆ ಹೋಗಲಾಗಲಿಲ್ಲ. ತಾಯಿ ಕಡೆಯ ಬಾರಿ ಒಣಗಿಸಿ ಕಳಿಸಿದ್ದ ನಾಲ್ಕು ಬಂಗುಡೆ ಫ್ರೀಜರಿನ ತಳದಲ್ಲಿದ್ದವು. ಸ್ಟೀಫನ್ ಡ್ಯೂಟಿಗೆ ಹೋದ ಬೆಳಿಗ್ಗೆ ಅವನ್ನು ಸುಟ್ಟು, ಅಳುತ್ತಲೇ ತಿಂದಳು. ನಾತ ಅಡಗಲೆಂದು ಬಖೂರ್ ಧೂಪ ಹಾಕಿದಳು. ಆಮೇಲೆ ಅದು ತಿಂಗಳಿಗೊಮ್ಮೆಯ ಗುಟ್ಟಾಯಿತು. ಪ್ರತಿ ಈಸ್ಟರಿಗೆ ಬಿಲ್ಲೆಯಿಟ್ಟ ಕಪಾಟು ಒರೆಸುವಾಗ ಸ್ಟೀಫನ್ ತಿರುಗಿ ಕೇಳುತ್ತಿದ್ದ: "ಮೀನು ಸುಡ್ಲಿಲ್ಲ ಅಲ್ವಾ?"

"ಇಲ್ಲ."

ಅವನು ತಲೆದೂಗುತ್ತಿದ್ದ.

*

ಬಿಲ್ಲೆಗೆ ಹೊದಿಸಿದ್ದ ಕಾಗದ ಬಿಚ್ಚಿದ ಅಬ್ದುಲ್ಲನ ಕೈ ಅಲ್ಲೇ ನಿಂತಿತು. ಬಿಲ್ಲೆಯ ಅಂಚು ಇಲಿ ಕಡಿದಂತೆ ಸವೆದಿತ್ತು. ಇದನ್ನು ಮೊದಲೇ ಯಾರೋ ತೆರೆದಿದ್ದಾರೆ ಎಂದು ಗೊಣಗಿ, ಕಾಗದದ ಒಳಮೈ ನೋಡಿದ; ನೋಡಿದವನೇ ಮಗುಚಿ ಇಟ್ಟ. ಚೂರು ಮುರಿದು ಬಿಸಿನೀರು ಹೊಯ್ದ; ಎಲೆ ತೊಳೆದ ಮೊದಲ ನೀರನ್ನು ಚೆಲ್ಲಿದ, ಎರಡನೆಯದನ್ನು ಬಸಿದ. ಮೊದಲ ಬಟ್ಟಲು ಗ್ರೇಸಿಯ ಮುಂದೆ ಬಂತು.

ತುಟಿಗಿಂತ ಮೊದಲು ಮೂಗಿಗೆ ತಿಳಿಯಿತು. ಒಣ ಬಂಗುಡೆ. ಅದರ ಮೇಲೆ ಬಖೂರ್.

ಉಳಿದವರೂ ಗುಟುಕರಿಸಿದರು. ಯಾರೋ ಮುಖ ಕಿವುಚಿ, ಮುನ್ನೂರು ವರ್ಷದ ಮರವೆಂದರೆ ಹೀಗೆಯೇ ಇರುತ್ತದೇನೋ ಎಂದರು. ಅಬ್ದುಲ್ಲ ಮಾತ್ರ ಎರಡನೆಯ ಗುಟುಕು ಕುಡಿಯಲಿಲ್ಲ. "ಇದು ನಿಮಗೆ ಬರೆದದ್ದು, ಬಾಯಮ್ಮ. ನಾನು ಓದ್ಬಾರದಿತ್ತು," ಎಂದು ತಗ್ಗಿದ ದನಿಯಲ್ಲಿ ಹೇಳಿ ಕಾಗದವನ್ನು ಅವಳತ್ತ ಸರಿಸಿದ.

ಸ್ಟೀಫನ್ನನ ದುಂಡು ಅಕ್ಷರ. ವರ್ಷಕ್ಕೊಮ್ಮೆ ಚಿಟಿಕೆ ಮುರಿದು, ಕುಡಿದು ಬರೆದದ್ದು.

2011: ಕಹಿ ಇಳಿಯುತ್ತಿದೆ.
2012: ಸಿಹಿ. ಹಸಿ ಕಾಡಿನ ವಾಸನೆ.
2013: ಒಣಮೀನು, ಬಖೂರ್. ಹಾಳಾಯಿತು. ಅವಳಾಗಿ ಹೇಳುತ್ತಾಳೋ ನೋಡೋಣ.
2014: ಹೇಳಲಿಲ್ಲ.
2015: ಹೇಳಲಿಲ್ಲ.
2016: ಹೇಳಲಿಲ್ಲ.
2017: ಹೇಳಲಿಲ್ಲ.

ಕೆಳಗೆ ಈ ವರ್ಷದ್ದು, 2018 ಎಂದು ಬರೆದು ಜಾಗ ಖಾಲಿ ಬಿಟ್ಟಿದ್ದ.

"ಡ್ಯಾಡಿ ಏನು ಬರೆದಿದ್ದಾರೆ ಮಮ್ಮಿ?" ಇಲ್ಲೇ ಹುಟ್ಟಿ ಬೆಳೆದು ಕನ್ನಡ ಓದಲು ಬಾರದ ಮಗಳು ಲವಿನಾ ಭುಜದ ಹಿಂದಿನಿಂದ ಬಗ್ಗಿದಳು.

ಅಬ್ದುಲ್ಲ ಕಿಟಕಿಯತ್ತ ಮುಖ ತಿರುಗಿಸಿದ.

"ಚಾ ಒಳ್ಳೇದುಂಟಂತೆ," ಎಂದಳು ಗ್ರೇಸಿ.

ಬಟ್ಟಲನ್ನು ತಳದವರೆಗೂ ಕುಡಿದು ಕಾಗದದ ಮೇಲೆಯೇ ಇಟ್ಟಳು. ಲವಿನಾ ಅದನ್ನೆತ್ತಿ ತೊಳೆಯಲು ಒಯ್ದಾಗ, 2018ರ ಎದುರಿನ ಖಾಲಿ ಜಾಗದಲ್ಲಿ ಒಂದು ಕಪ್ಪು ಉಂಗುರ ಇನ್ನೂ ಹಸಿಯಾಗಿತ್ತು.