ಅಪ್ಪನಿಗೆ ಜಪಾನಿಯಲ್ಲಿ ಒಂದು ಸಲಹೆ

ನೀರು ಲೋಟದ ಹೊರಗೆ ಬೀಳುತ್ತಿದೆ, ಎಡಕ್ಕೆ, ಮೇಜಿನ ಮೇಲೆ, ಅಪ್ಪ ಸುರಿಯುತ್ತಲೇ ಇದ್ದಾರೆ, ಆಮೇಲೆ ಜಗ್ಗನ್ನೇ ಗದರುತ್ತಾರೆ — ಕುಣಿಯಲಾರದವಳು ನೆಲ ಡೊಂಕು ಅಂದಳಂತೆ — ನಾನು ನೋಡಲಿಲ್ಲ, ನಾನು ಓದುತ್ತಿದ್ದೇನೆ, ನಾಳೆ ಜಪಾನಿ ಭಾಷೆಯ ಮಾತಿನ ಪರೀಕ್ಷೆ, ಯಾರೋ ಕಷ್ಟ ಹೇಳಿಕೊಳ್ಳುತ್ತಾರೆ, ನಾನು ಸಲಹೆ ಕೊಡಬೇಕು, ಯಸುಂದ ಹೋ ಗ ಈ ದೆಸ್, ವಿಶ್ರಾಂತಿ ತೆಗೆದುಕೊಂಡರೆ ಒಳ್ಳೆಯದು, ಒಳ್ಳೆಯದು, ಯಾರಿಗೆ? ಅಭ್ಯಾಸಕ್ಕೆಂದು ಕಷ್ಟ ಹೇಳಿಕೊಳ್ಳುವವರ ಪಾತ್ರವನ್ನು ಅಪ್ಪ ತಾವಾಗಿಯೇ ವಹಿಸಿಕೊಂಡಿದ್ದು, ದಿನವಿಡೀ ಸ್ಕೂಲ್ ವ್ಯಾನ್ ಓಡಿಸಿ ಬಂದರೂ ಏನು ಹುರುಪು, ಹಲ್ಲುನೋವು ಕಣಮ್ಮ ಅಂದರು, ಡಾಕ್ಟರ ಹತ್ತಿರ ಕಳಿಸಿದೆ, ನಿದ್ದೆ ಬರಲ್ಲ ಅಂದರು, ಹಾಲು ಕುಡಿಸಿದೆ, ನಿಮ್ಮಮ್ಮ ಬೈತಾಳೆ ಅಂದರು, ಅದಕ್ಕೆ ಯಾವ ಭಾಷೆಯಲ್ಲೂ ಮದ್ದಿಲ್ಲ ಅಂದೆ, ನಕ್ಕರು, ನಿಜವಾದ್ದೊಂದು ಹೇಳ್ಲಾ ಅಂದರು, ಕೊನೇ ಸ್ಟಾಪಿನ ಪುಟ್ಟಿ ಇಳಿದ ಮೇಲೆ ದಿನಾ ನಿಂತು ಟಾಟಾ ಮಾಡ್ತಿದ್ಲು, ಈಗ ಮಾಡಲ್ಲ, ನಾನೇನು ತಪ್ಪು ಮಾಡಿದ್ನೋ. ಮಕ್ಕಳು ಇಳಿಯುವುದು ಎಡಗಡೆ, ಹೋದ ವಾರ ವ್ಯಾನ್ ತರಚಿದ್ದೂ ಎಡಗಡೆ, ಈ ನೀರೂ — ಆ ಹುಡುಗಿ ಬಿಟ್ಟಿಲ್ಲ, ಮಾಡುತ್ತಲೇ ಇದ್ದಾಳೆ, ಪುಟ್ಟ ಕೈ, ಅಪ್ಪನ ಎಡಗಣ್ಣಿಗೆ ಕಾಣುತ್ತಿಲ್ಲ, ವ್ಯಾನ್ ಹೊರಟೇಬಿಡುತ್ತದೆ, ಕೈ ಇನ್ನೂ ಅಲ್ಲೇ, ಚಕ್ರದ ಪಕ್ಕದಲ್ಲೇ.

ಹೇಗೆ ಹೇಳಲಿ, ರಜೆಯ ದಿನವೂ ವ್ಯಾನ್ ತೊಳೆದು ಸವರುವ ಮನುಷ್ಯನಿಗೆ, ಹೇಳಿದರೆ ಕುಸಿಯುತ್ತಾರೆ, ಹೇಳದಿದ್ದರೆ, ಹೇಳದಿದ್ದರೆ ಆ ಕೈ — ಬಾಯಿ ತಾನಾಗಿ ತೆರೆಯಿತು, ಉಂತೆನ್ ಒ ಯಮೆತ ಹೋ ಗ ಈ ದೆಸ್ ಯೋ, ಗಾಡಿ ಓಡಿಸುವುದನ್ನು ಬಿಟ್ಟರೆ ಒಳ್ಳೆಯದು, ಅಪ್ಪನಿಗೆ ಒಂದಕ್ಷರ ತಿಳಿಯದು, ಎದೆ ಹಗುರಾಯಿತು, ಎಂಥ ಹೇಡಿ ನಾನು, ಏನಂದೆ ಮಗಳೇ, ಅವಳಿಗೊಂದು ಚಾಕ್ಲೇಟ್ ಕೊಡಿ ಅಂದೆ ಅಪ್ಪಾ, ಕೇಳೋಕೆ ಎಷ್ಟು ಚೆನ್ನಾಗಿದೆ, ಇನ್ನೊಂದ್ಸಲ ಹೇಳು, ಹೇಳಿದೆ, ಯಾಕೆ ಹೇಳಿದೆ, ಅವರೂ ಹೇಳಿದರು, ಉಂತೆನ್, ಯಮೆತ, ಮೇಜು ತಟ್ಟಿ ತಟ್ಟಿ ಬಾಯಿಪಾಠ ಮಾಡಿದರು, ಬೆಳಿಗ್ಗೆ ಮಕ್ಕಳಿಗೆಲ್ಲ ಕಲಿಸ್ತೀನಿ, ದಾರಿಯುದ್ದಕ್ಕೂ ಹೇಳ್ಕೊಂಡು ಹೋಗ್ತೀವಿ, ಪುಟ್ಟೀನೂ ರಾಜಿಯಾಗ್ತಾಳೆ — ವ್ಯಾನ್ ತುಂಬ ಮಕ್ಕಳು ಒಂದೇ ದನಿಯಲ್ಲಿ ಬಿಟ್ಟರೆ ಒಳ್ಳೆಯದು, ಬಿಟ್ಟರೆ ಒಳ್ಳೆಯದು, ಅಪ್ಪ ನಗುತ್ತಾ ಸ್ಟೀರಿಂಗ್ ತಿರುಗಿಸುತ್ತಾರೆ, ಈಗಲೇ ಹೇಳಬೇಕು, ನಮ್ಮ ಮಾತಿನಲ್ಲೇ, ಅಪ್ಪಾ ಎಂದೆ, ಏನಮ್ಮ ಎಂದರು, ಎಡಕ್ಕೆ ಕುಳಿತ ನನ್ನನ್ನು ಪೂರ್ತಿ ಕುತ್ತಿಗೆ ಹೊರಳಿಸಿ ಹುಡುಕಿದರು, ನಾನು ಪುಸ್ತಕಕ್ಕೆ ಕಣ್ಣಿಳಿಸಿದೆ, ಒಳ್ಳೆಯದು, ಯಾವುದು ಒಳ್ಳೆಯದು, ಪುಟ್ಟ ಕೈ, ಎಡಗಡೆ, ಆಡುತ್ತಿದೆ, ಚಕ್ರದ ಪಕ್ಕ, ಪುಟ್ಟ ಕೈ —