ನಾನೂರು ಕಿಲೋದ ದೋಣಿ

ದೋಣಿ ಕಟ್ಟುವ ಚಿಕ್ಕಿಗೆ ಹಟ ಸ್ವಲ್ಪ ಜಾಸ್ತಿ ಎಂದು ಅವಳ ಭಾವ ಹೇಳುತ್ತಿದ್ದರು. ಸ್ವಲ್ಪ ಅಂತೆ! ಮರಳಿನ ಮೂಟೆ ಹೇರಿ ಹೇರಿ ಮೂರು ದಿನ ಪರೀಕ್ಷೆ ಮಾಡಿದ ಮೇಲೇ ಅವಳು ಈ ಹೊಸ ದೋಣಿಯ ಹಿಂಬದಿಗೆ ಫಲಕ ಬಡಿದದ್ದು: ಐದು ಜನ, ಮೋಟಾರು, ಸಾಮಾನು ಎಲ್ಲ ಸೇರಿ ನಾನೂರು ಕಿಲೋ. ಆ ಫಲಕವಿಲ್ಲದೆ ದೋಣಿ ಮಾರುವಂತಿಲ್ಲ, ಅದು ಕಾನೂನು.

ಕೊಂಡವರು ಭಾವನೇ. ಅವರ ತಾಯಿ ಎಂಬತ್ತಕ್ಕೆ ಕಾಲಿಟ್ಟವರು. ಮದುವೆಯಾಗಿ ಬಂದಂದಿನಿಂದ ಸರೋವರವನ್ನು ಅಡುಗೆಮನೆ ಕಿಟಕಿಯಿಂದ ನೋಡಿದ್ದೇ ನೋಡಿದ್ದು, ಒಮ್ಮೆಯೂ ದೋಣಿ ಹತ್ತಿದವರಲ್ಲ. ಅವರಿಗೆ ಒಂದು ಸುತ್ತು ಹಾಕಿಸಬೇಕೆಂದೇ ಈ ದೋಣಿ. ಅಜ್ಜಿ ಬೆಳಿಗ್ಗೆ ಐದಕ್ಕೇ ಎದ್ದು ತಲೆ ಬಾಚಿಕೊಂಡು ಕೂತಿದ್ದರಂತೆ.

ಅಕ್ಕ, ಭಾವ, ಬೆಳೆದ ಮಕ್ಕಳಿಬ್ಬರು, ಅಜ್ಜಿ, ಎಲ್ಲರೂ ಬಂದಿಳಿದರು.

"ಐದು ಜನ ಅಂತಿದೆ, ನಾವೂ ಐದು ಜನ. ಮೋಟಾರಿನ ಕೀ ಕೊಡೇ," ಎಂದರು ಭಾವ.

"ಕೆಳಗಿನ ಸಾಲೂ ಓದಿ ಭಾವ. ಮೊದ್ಲು ತೂಕ."

ಮೋಟಾರು ತೂಗುವ ತಕ್ಕಡಿಯ ಮೇಲೆ ಚಿಕ್ಕಿ ಒಬ್ಬೊಬ್ಬರನ್ನೇ ಹತ್ತಿಸಿದಳು. ಅಕ್ಕ ಕಣ್ಣು ಮುಚ್ಚಿಕೊಂಡು ಹತ್ತಿದಳು. ಭಾವ ನೂರಾ ನಾಲ್ಕು, ಅಜ್ಜಿ ಬರೀ ನಲವತ್ತೆಂಟು. ಅವಳು ಕೂಡಿಸಿ ಮುಗಿಸುವಷ್ಟರಲ್ಲಿ ಐವರೂ ದಡಕ್ಕೆ ಕಟ್ಟಿದ ದೋಣಿಯಲ್ಲಿ ಕೂತಾಗಿತ್ತು. ಮೋಟಾರು, ಸಾಮಾನು ಸೇರಿ ಒಟ್ಟು ಮೂವತ್ತನಾಲ್ಕು ಕಿಲೋ ಹೆಚ್ಚು. ಊಟದ ಬುಟ್ಟಿ, ಐಸ್ ಡಬ್ಬ ಇಳಿಸಿದರೂ ಇನ್ನೂ ಹತ್ತು ಉಳಿಯಿತು.

"ಹತ್ತು ಕಿಲೋಗೆ ಯಾವ ದೋಣಿ ಮುಳುಗುತ್ತೆ? ಆ ತಗಡು ಕಿತ್ತು ಹಾಕು!"

"ತಗಡು ಕಿತ್ರೆ ನೀವು ಸಣ್ಣ ಆಗ್ತೀರಾ?"

ಮಕ್ಕಳು ಕಿಸಕ್ಕೆಂದರು. ಭಾವನ ಮುಖ ಕೆಂಪಾಯಿತು. "ಸರಿ. ಅಮ್ಮ, ನೀನು ಇಳಿ. ದಡದಿಂದ್ಲೇ ನೋಡು."

ಅಜ್ಜಿ ಲೈಫ್ ಜಾಕೆಟ್ಟಿನ ಪಟ್ಟಿ ಸಡಿಲಿಸುತ್ತ ಎದ್ದರು. ಎಷ್ಟು ಸಲ ಹೀಗೆ ಎದ್ದುಕೊಟ್ಟಿದ್ದಾರೋ ಈ ಜೀವ! ಚಿಕ್ಕಿಗೆ ಸಂಕಟವೂ ಆಯಿತು, ಮೈಯೆಲ್ಲ ಉರಿದೂ ಹೋಯಿತು.

"ಅಜ್ಜಿ, ಕೂತ್ಕೊಳ್ಳಿ. ಭಾವ, ಇಳಿಯೋದು ನೀವು."

"ದೋಣಿ ನಂದು ಕಣೇ!"

"ದೋಣಿ ನಿಮ್ದೇ. ಅದರ ಮೇಲೆ ಬರೆದಿರೋ ಮಾತು ನಂದು. ಓಡಿಸೋಕೆ ನಿಮ್ಮ ಮಗ ಇದ್ದಾನೆ. ನೀವು ಇಳಿದ್ರೆ ಬುಟ್ಟಿನೂ ಹತ್ತಿಸ್ಬಹುದು."

ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಳು. ಕತ್ತಲಾದರೂ ಕೊಡುವವಳಲ್ಲ.

ಭಾವ ಹೆಂಡತಿಯ ಕಡೆ ನೋಡಿದರು. ಅಕ್ಕನಿಗೆ ಆಗಲೇ ನೀರಿನ ಮೇಲೆ ಎಲ್ಲಿಲ್ಲದ ಆಸಕ್ತಿ ಬಂದುಬಿಟ್ಟಿತ್ತು. ಕೊನೆಗೆ ತಾಯಿಯ ಕಡೆ ತಿರುಗಿದರು. "ಅಮ್ಮಾ, ನೀನಾದ್ರೂ ಹೇಳು."

ಅಜ್ಜಿ ಮತ್ತೆ ಕೂತು ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುತ್ತಿದ್ದರು.

"ನಿಧಾನ ಇಳಿ ಮಗಾ," ಎಂದರು, "ದೋಣಿ ಅಲ್ಲಾಡುತ್ತೆ."