ನಲವತ್ತು ಸೆಕೆಂಡು ಮುಂದೆ

ಆ ಮನೆಯಲ್ಲಿ ಒಂದೊಂದು ಗೋಲೂ ಎರಡೆರಡು ಸಲ ಆಗುತ್ತಿತ್ತು. ಮೊದಲು ಅಡುಗೆಮನೆಯಲ್ಲಿ, ಆಮೇಲೆ ಟಿವಿಯಿರುವ ಹಾಲಿನಲ್ಲಿ. ನಡುವೆ ನಲವತ್ತು ಸೆಕೆಂಡು.

ಇದನ್ನು ಕಂಡುಹಿಡಿದವಳು ಸೊಸೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಿರಾಕಿ ಮರುದಿನವೇ ತಲೆನೋವು ಅಂತ ಬಂದು ನಿಲ್ಲುತ್ತಾನೆ. ಅಂಥ ಕೈಯವಳು ಗಡಿಯಾರ ನೋಡಿ ಅಳೆದ ಮೇಲೆ ನಲವತ್ತು ಎಂದರೆ ನಲವತ್ತೇ. ಸಿಮ್ಮಿನ ನೆಟ್ಟಿನಲ್ಲಿ ನಡೆಯುವ ಅವಳ ಫೋನಿನಲ್ಲಿ ಆಟ ಮುಂದೆ ಓಡುತ್ತಿತ್ತು, ಹಾಲಿನ ಟಿವಿಯಲ್ಲಿ ಹಿಂದೆ ಬೀಳುತ್ತಿತ್ತು. ವೈಫೈ ಮಂದವಾಗಿದೆ, ಅದಕ್ಕೇ ಹೀಗೆ ಎಂದು ತೀರ್ಮಾನಿಸಿ, ಆ ವೈಫೈಗೆ ಮನಸ್ಸಿನಲ್ಲೇ ಕೈಮುಗಿದು, ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಗಂಡನಿಗೂ ಹೇಳಿರಲಿಲ್ಲ. ಅವನು ಬಸ್ಸು ಓಡಿಸುವವನು, ಆಟವಿದ್ದ ಭಾನುವಾರಗಳಲ್ಲೆಲ್ಲ ರಸ್ತೆಯ ಮೇಲೇ ಇರುತ್ತಿದ್ದ.

ಆಟ ಎಂದರೆ ಬೇರೆ ಯಾವುದೂ ಅಲ್ಲ, ಆಫ್ರಿಕಾದ ಕ್ಲಬ್‌ಗಳು ತಮ್ಮತಮ್ಮಲ್ಲೇ ಕಪ್ಪಿಗಾಗಿ ಆಡುವ ಫುಟ್‌ಬಾಲು. ಮಾವ ಮೂವತ್ತೊಂದು ವರ್ಷ ಬಂದರಿನಲ್ಲಿ ಕ್ರೇನ್ ಓಡಿಸಿದವರು. ಅಲ್ಲಿಗೆ ಬಂದು ಹೋಗುತ್ತಿದ್ದ ಒಂದು ಹಡಗಿನ ಅಡುಗೆಯವನು ತನ್ನ ಊರಿನ ತಂಡದ ಹಸಿರು ಅಂಗಿಯೊಂದನ್ನು ಇವರಿಗೆ ಕೊಟ್ಟು, 'ಇನ್ಮೇಲೆ ನೀನು ನಮ್ಮವನು' ಅಂದನಂತೆ. ಅಡುಗೆಯವನು ಮತ್ತೆ ಬರಲಿಲ್ಲ. ಮಾವ ಮಾತ್ರ ಅಂದಿನಿಂದ ಹಸಿರು ಅಂಗಿಯವರೇ. ಆಗೆಲ್ಲ ಪತ್ರಿಕೆಯ ಮೂಲೆಯಲ್ಲಿ ಒಂದು ಸಾಲು ಫಲಿತಾಂಶ ಸಿಕ್ಕರೆ ಅದೇ ಭಾಗ್ಯ. ಈಗ ದುಡ್ಡು ಕಟ್ಟಿದರೆ ಇಡೀ ಆಟ ಮನೆಯೊಳಗೇ ಬಂದು ಕೂರುತ್ತದೆ. ಮುದಿತನದಲ್ಲಿ ಇಂಥದ್ದೊಂದು ಸುಖ ಬರುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಅಷ್ಟರಲ್ಲಿ ಎದೆಗೆ ಕತ್ತರಿ ಬಿತ್ತು. ಆಪರೇಷನ್ ಆಗಿ ಮನೆಗೆ ಕಳಿಸುವಾಗ ಡಾಕ್ಟರು, "ಇವರಿಗೆ ಗಾಬರಿ ಆಗೋ ಹಾಗೆ ಏನೂ ಮಾಡ್ಬೇಡಿ" ಎಂದರು. ಅತ್ತೆ ಬಾಗಿಲು ದಾಟುವ ಮೊದಲೇ ತೀರ್ಪು ಕೊಟ್ಟರು: "ಫುಟ್‌ಬಾಲ್ ಇವತ್ತಿಗೆ ಮುಗೀತು."

ಮಾವ ಹಸಿರು ಅಂಗಿಯನ್ನು ಮಡಿಸಿ ಬೀರುವಿನಲ್ಲಿಟ್ಟು, ಕಿಟಕಿಯ ಹತ್ತಿರ ಕೂತರು. ನಾಲ್ಕು ದಿನ ಹಾಗೇ ಕೂತಿದ್ದರು. ಐದನೆಯ ದಿನ ಸೊಸೆಗೆ ತಡೆಯಲಾಗಲಿಲ್ಲ. "ಅತ್ತೆ, ನೋಡ್ಲಿ ಬಿಡಿ. ನಾನು ನೋಡ್ಕೋತೀನಿ. ಒಂದೇ ಒಂದು ಸಲ ಅವರಿಗೆ ಗಾಬರಿಯಾದ್ರೂ ನಾನೇ ಟಿವಿ ಮುಚ್ಚಿಸ್ತೀನಿ" ಎಂದುಬಿಟ್ಟಳು. ಆ ಎದೆ ಇನ್ನು ಅವಳ ಜವಾಬ್ದಾರಿ.

ನಲವತ್ತು ಸೆಕೆಂಡು ಸಿಕ್ಕಿದ್ದು ಆಗಲೇ. ಎದುರಿನವರು ಗೋಲು ಹೊಡೆದರೆ ಅವಳಿಗೆ ಮೊದಲೇ ಗೊತ್ತು. ಕೂಡಲೇ ಟೀ ಲೋಟ ಹಿಡಿದು ಹಾಲಿಗೆ ಬಂದು, "ಮಾವ, ಇವತ್ತು ಯಾಕೋ ನಮ್ಮವರ ಕಾಲು ಎಳೀತಿದೆ ಅಲ್ವಾ?" ಎನ್ನುವಳು. ಮಾವನ ಮುಖ ಸ್ವಲ್ಪ ಸಪ್ಪಗಾಗುವುದು, ಆಮೇಲೆ ಗೋಲು ಬಿದ್ದಾಗ 'ಹೂಂ' ಎಂದಷ್ಟೇ ಹೇಳಿ ಸುಮ್ಮನಾಗುವರು. ನಮ್ಮವರೇ ಹೊಡೆದರೂ ಅಷ್ಟೇ, "ಈಗೇನೋ ಆಗತ್ತೆ ನೋಡಿ" ಎಂದು ಹದಮಾಡಿ ಇಡುವಳು. ಖುಷಿಯಿಂದಲೂ ಎದೆ ನಿಲ್ಲಬಹುದಲ್ಲ! ಅತ್ತೆ ಸೋಫಾದ ಇನ್ನೊಂದು ತುದಿಯಲ್ಲಿ ಬಿಪಿ ನೋಡುವ ಮಿಷನ್ನು ತೊಡೆಯ ಮೇಲಿಟ್ಟುಕೊಂಡು, ಟಿವಿ ಬಿಟ್ಟು ಗಂಡನ ಎದೆಯನ್ನೇ ನೋಡುತ್ತ ಕೂತಿರುತ್ತಿದ್ದವರು, ಎರಡು ವಾರದಲ್ಲಿ ಮಿಷನ್ನು ಕಪಾಟಿಗೆ ಸೇರಿಸಿದರು. "ನೀನೊಳ್ಳೆ ಕಣಿ ಹೇಳೋಳು ಕಣೇ" ಎಂದು ಸೊಸೆಯನ್ನು ಹೊಗಳಿದರು.

ಬರಬರುತ್ತ ಆಗಿದ್ದೇನೆಂದರೆ, ಫುಟ್‌ಬಾಲಿನ ಹುಚ್ಚು ಸೊಸೆಗೇ ಹಿಡಿಯಿತು. ಆಫ್‌ಸೈಡು ಎಂದರೇನು ಎಂದು ತಿಳಿಯಿತು. ಹಸಿರು ಅಂಗಿಯ ನಾಯಕ, ಮಾವ 'ಯಜಮಾನ' ಎಂದು ಕರೆಯುವ ಮೂವತ್ತೇಳು ವರ್ಷದ ಆಟಗಾರ, ಓಡುವಾಗ ಬಲಭುಜ ಒಂದಿಷ್ಟು ಎತ್ತುತ್ತಾನೆ ಎಂಬುದೂ ತಿಳಿಯಿತು. ಆದರೆ ಕೂಗುವಂತಿಲ್ಲ. ಸೆರಗಿನ ತುದಿ ಬಾಯಿಗೆ ತುರುಕಿಕೊಂಡು, ಸಿಂಕಿನ ಅಂಚು ಹಿಡಿದುಕೊಂಡು, ಒಬ್ಬಳೇ ಬೆಚ್ಚಿಬಿದ್ದು, ಒಬ್ಬಳೇ ಸಾವರಿಸಿಕೊಂಡು, ನಗುಮುಖ ಮಾಡಿಕೊಂಡು ಹಾಲಿಗೆ ಹೋಗಬೇಕು. ಮಾವನ ಪಾಲಿನ ಗಾಬರಿಯೆಲ್ಲ ಅವಳ ಪಾಲಿಗೆ ಬಂದಿತ್ತು. ಅದನ್ನು ಹಂಚಿಕೊಳ್ಳಲು ಅಡುಗೆಮನೆಯಲ್ಲಿ ಪಾತ್ರೆಗಳ ಹೊರತು ಯಾರೂ ಇರಲಿಲ್ಲ.

ಸೆಮಿಫೈನಲ್ಲಿನ ದಿನವೂ ಎಲ್ಲ ಎಂದಿನಂತೆಯೇ ಶುರುವಾಯಿತು. ಆಟ ಆರಂಭವಾಗುವಾಗ ಮಾವ ಎಂದಿನಂತೆ, "ಕನ್ನಡಕ ಮಸುಕಾಗಿದೆ" ಎಂದು ಅದನ್ನು ತೆಗೆದು ಒರೆಸುತ್ತ ಕೂತರು. ಪ್ರತಿ ಆಟಕ್ಕೂ ಇದೊಂದು ಶಾಸ್ತ್ರ. ತಾನೇ ಮಾಡಿಕೊಟ್ಟ ಗಾಜು ಅಷ್ಟು ಬೇಗ ಮಸುಕಾಗುವುದು ಹೇಗೆ ಎಂದು ಸೊಸೆಗೆ ಒಳಗೊಳಗೇ ಸಿಟ್ಟು. ಆದರೂ ಏನೂ ಹೇಳದೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಬೀನ್ಸ್ ಹೆಚ್ಚಲು ಕೂತಳು.

ಒಂದಕ್ಕೆ ಒಂದು ಸಮ. ಆಟ ಮುಗಿಯಲು ನಾಲ್ಕೇ ನಿಮಿಷ. ಆಗ ಹಸಿರು ಅಂಗಿಯವರಿಗೆ ಪೆನಾಲ್ಟಿ ಸಿಕ್ಕಿತು. ಸೊಸೆಯ ಕೈಯಲ್ಲಿದ್ದ ಚಾಕು ನಿಂತಿತು. ಯಜಮಾನ ಚೆಂಡನ್ನು ಎತ್ತಿಕೊಂಡು, ಒರೆಸಿ, ಚುಕ್ಕಿಯ ಮೇಲಿಟ್ಟ. ಹಿಂದೆ ಹಿಂದೆ ಐದು ಹೆಜ್ಜೆ ನಡೆದ. ಆರನೆಯ ಹೆಜ್ಜೆಗೆ ಎದೆಯ ಮೇಲೆ ಕೈ ಇಟ್ಟುಕೊಂಡು, ಯಾರೂ ಮುಟ್ಟದೆ, ಯಾರೂ ತಳ್ಳದೆ, ಮುಖ ಅಡಿಯಾಗಿ ಬಿದ್ದ.

ಬಿದ್ದವನು ಏಳಲಿಲ್ಲ.

ಎದುರು ತಂಡದ ಗೋಲ್‌ಕೀಪರೇ ಓಡಿಬಂದು ಅವನನ್ನು ಹೊರಳಿಸಿದ, ಎರಡೂ ಕೈ ಮೇಲೆತ್ತಿ ಯಾರನ್ನೋ ಕರೆದ. ಹಾಲಿನಲ್ಲಿ ಅದೇ ಕ್ಷಣಕ್ಕೆ ಮಾವ ಚಪ್ಪಾಳೆ ಹೊಡೆದು, "ಪೆನಾಲ್ಟಿ ಕೊಟ್ಟ! ಇನ್ನು ಯಜಮಾನ ಬಿಡಲ್ಲ, ನೋಡ್ತಿರು!" ಎಂದರು. ಆ ಚಪ್ಪಾಳೆ ಅವಳ ಬೆನ್ನಿಗೆ ಬಿದ್ದಂತಾಯಿತು. ಇವರೂ ಎದೆಯವರು, ಅವನೂ ಎದೆ ಹಿಡಿದುಕೊಂಡು ಬಿದ್ದಿದ್ದಾನೆ. ಇದಕ್ಕೆ ಟೀ ಲೋಟ ಹಿಡಿದು ಹೋಗಿ ಯಾವ ಮಾತು ಹೇಳುವುದು? 'ಈಗೇನೋ ಆಗತ್ತೆ' ಎನ್ನುವುದೇ?

ಇನ್ನು ಇಪ್ಪತ್ತು ಸೆಕೆಂಡು ಇತ್ತೋ, ಹತ್ತೇ ಇತ್ತೋ. ಬಾಗಿಲ ಪಕ್ಕದ ಮೇನ್ ಸ್ವಿಚ್ಚನ್ನು ಅವಳು ಕೆಳಗೆ ಎಳೆದಳು.

ಫ್ಯಾನು ನಿಂತಿತು, ಟಿವಿ ಸತ್ತಿತು. "ಅಯ್ಯೋ! ಈಗ್ಲೇ ಹೋಗ್ಬೇಕಾ ಈ ಹಾಳು ಕರೆಂಟು!" ಎಂದು ಮಾವ ಅರಚಿದರು. "ಹೋದ್ರೆ ಹೋಗ್ಲಿ ಬಿಡಿ, ಸ್ವಲ್ಪ ಕಾಲು ಚಾಚಿ ಕೂತ್ಕೊಳ್ರೀ" ಎಂದರು ಅತ್ತೆ.

ಫೋನಿಗೆ ಕರೆಂಟಿನ ಹಂಗಿಲ್ಲ. ಅದರಲ್ಲಿ ಆಟಗಾರರು ಬಿದ್ದವನ ಸುತ್ತ ಬೆನ್ನು ತಿರುಗಿಸಿ ಗೋಡೆಯಂತೆ ನಿಂತಿದ್ದರು. ಅವರ ಕಾಲುಗಳ ಸಂದಿನಲ್ಲಿ ಒಬ್ಬ ಮಂಡಿಯೂರಿ, ಎರಡೂ ಕೈ ಜೋಡಿಸಿ, ಒತ್ತುತ್ತಿರುವುದು ಕಾಣುತ್ತಿತ್ತು. ಒತ್ತುತ್ತಲೇ ಇದ್ದ. ಮೂರು ತಿಂಗಳು ಸಣ್ಣಸಣ್ಣ ಗಾಬರಿಗಳನ್ನು ನುಂಗಿ ಅಭ್ಯಾಸವಾಗಿದ್ದವಳಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಸೆರಗು ಕಚ್ಚಿಕೊಂಡು, ಗರ ಬಡಿದವಳಂತೆ ನಿಂತೇ ಇದ್ದಳು. ಕಣ್ಣೀರು ಬರುತ್ತಿದೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

"ಪಕ್ಕದ ಮನೆ ಮಿಕ್ಸಿ ಓಡ್ತಾ ಇದೆ" ಎಂಬ ಮಾತು ಹಿಂದಿನಿಂದ ಕೇಳಿಸಿತು.

ಮಾವ ಬಾಗಿಲಲ್ಲಿ ನಿಂತಿದ್ದರು. ಅವರ ಕಣ್ಣು ಕೆಳಗೆ ಎಳೆದ ಸ್ವಿಚ್ಚಿನ ಮೇಲೆ ಹೋಯಿತು, ಅಲ್ಲಿಂದ ಅವಳ ಮುಖಕ್ಕೆ ಬಂತು. ಅವಳು ಫೋನನ್ನು ಎದೆಗವಚಿಕೊಂಡಳು.

"ಕೊಡಮ್ಮ."

"ಬೇಡ ಮಾವ. ನಿಮ್ಮ ಕಾಲಿಗೆ ಬೀಳ್ತೀನಿ, ಬೇಡ."

"ಯಜಮಾನನಿಗೆ ಏನಾದ್ರೂ ಆಯ್ತಾ?"

ಅವರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಫೋನು ತೆಗೆದುಕೊಂಡರು. ಅವಳು ಅವರ ಎದೆಯನ್ನೇ ನೋಡುತ್ತ, ಬಿದ್ದರೆ ಹಿಡಿಯಲು ಕೈ ಚಾಚಿ ನಿಂತಳು. ಅವರು ಬೀಳಲಿಲ್ಲ. ಇನ್ನೊಂದು ಕೈಯಿಂದ ಸ್ಟೂಲು ಎಳೆದು ಅವಳನ್ನೇ ಅದರ ಮೇಲೆ ಕೂರಿಸಿದರು. ಲೋಟದಲ್ಲಿ ನೀರು ಬಗ್ಗಿಸಿ ಕೊಟ್ಟರು. ನೀರು ತುಳುಕಿದ್ದು ಅವಳ ಕೈಯಲ್ಲಿ.

"ಉಸಿರು ಬಿಡು. ಬಿಗಿ ಹಿಡ್ದಿದೀಯ, ಬಿಡು ಮೊದ್ಲು."

ಇಬ್ಬರೂ ಪುಟ್ಟ ಫೋನಿನೊಳಗೆ ಕಣ್ಣು ನೆಟ್ಟರು. ಎಷ್ಟು ಹೊತ್ತೋ. ಕೊನೆಗೆ ಗೋಡೆಯಂತೆ ನಿಂತಿದ್ದವರು ಸರಿದು ದಾರಿ ಬಿಟ್ಟರು, ಸ್ಟ್ರೆಚರ್ ಮೇಲೆದ್ದಿತು. ಅದರ ಅಂಚಿನಿಂದ ಒಂದು ಕೈ ಮೆಲ್ಲಗೆ ಎದ್ದು, ಜನರತ್ತ ಎರಡು ಸಲ ಅಲುಗಾಡಿತು. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಹುಯ್ಯೆಂದಿತು.

ಸೊಸೆ ಮುಖ ಮುಚ್ಚಿಕೊಂಡು ಬಿಕ್ಕಿದಳು. ಮಾವ ಅವಳ ತಲೆಯ ಮೇಲೆ ಕೈಯಿಟ್ಟು ನಿಂತರು.

"ಕ್ರೇನಿನ ಮೇಲೆ ಕೂತವನಿಗೆ ಎಲ್ಲಾ ಮೊದ್ಲು ಕಾಣತ್ತಮ್ಮ" ಎಂದರು. "ಹಗ್ಗ ಬಿಚ್ಚಿಕೊಳ್ತಿರೋದು ಕಾಣತ್ತೆ, ಕೆಳಗೆ ಒಬ್ಬ ಬೀಡಿ ಸೇದ್ತಾ ನಿಂತಿರೋದೂ ಕಾಣತ್ತೆ. ಕೂಗಿದ್ರೆ ಅವನಿಗೆ ಕೇಳ್ಸಲ್ಲ. ಮೂವತ್ತೊಂದು ವರ್ಷ ಅಲ್ಲಿ ಕೂತೋನು ನಾನು. ಗೊತ್ತಿದ್ದೂ ಗೊತ್ತಿದ್ದೂ ನಿನ್ನನ್ನ ಅಲ್ಲಿ ಕೂರ್ಸಿಬಿಟ್ಟೆ."

ಅವಳಿಗೆ ಅರ್ಥವಾಗಲಿಲ್ಲ. ಮಾವ ಸ್ವಿಚ್ಚು ಮೇಲೆತ್ತಿ ಹಾಲಿಗೆ ನಡೆದರು, ಅವಳು ಹಿಂದೆಯೇ ಹೋದಳು. ಟಿವಿಗೆ ಜೀವ ಬಂದು ತೆರೆಯ ಮೇಲೆ ಎರಡು ಗುಂಡಿ ಮೂಡಿದವು: 'ಬಿಟ್ಟಲ್ಲಿಂದ ನೋಡಿ' ಎಂದು ಒಂದು, 'ಲೈವ್' ಎಂದು ಇನ್ನೊಂದು.

"ವೈಫೈ ಚೆನ್ನಾಗೇ ಇದೆ" ಎಂದರು ಮಾವ, ರಿಮೋಟು ಹಿಡಿದು, ಅವಳತ್ತ ನೋಡದೆ. "ಆಟ ಶುರುವಾಗೋವಾಗ ನಾನೇ ರಿಮೋಟಿನಲ್ಲಿ ಅದನ್ನ ನಿಲ್ಲಿಸ್ತಿದ್ದೆ. ಒಂದು, ಎರಡು ಅಂತ ನಲವತ್ತರ ತನಕ ಎಣಿಸಿ ಮತ್ತೆ ಬಿಡ್ತಿದ್ದೆ. ಕನ್ನಡಕಕ್ಕೆ ಏನೂ ಆಗಿಲ್ಲ."

ಸೊಸೆ ಕಕ್ಕಾಬಿಕ್ಕಿಯಾದಳು. ಗಡಿಯಾರ ಹಿಡಿದು ತಾನು ಅಳೆದಿದ್ದು ಇವರ ಎಣಿಕೆಯನ್ನೇ? ಮೂರು ತಿಂಗಳು ಕಾವಲು ಕಾದವಳು ತಾನೋ, ಇವರೋ?

"ಯಾಕೆ ಮಾವ?"

"ಮೊದಲನೇ ಆಟದಲ್ಲಿ ಫೋನ್ ಬಂತೂಂತ ನಿಲ್ಲಿಸಿದ್ದೆ, ಆಮೇಲೆ ಹಾಗೇ ಮುಂದುವರಿಸಿದೆ. ಅವತ್ತು ನೀನು ಮೊದಲೇ ನೋಡ್ಕೊಂಡು ಬಂದು ಏನೋ ಅಂದೆ. ನಿನ್ನ ಮುಖದಲ್ಲಿ ಧೈರ್ಯ ಇತ್ತು. ಅದಕ್ಕೆ ಮುಂಚೆ ಈ ಮನೇಲಿ ಯಾರೂ ಟಿವಿ ನೋಡ್ತಿರಲಿಲ್ಲ ಕಣಮ್ಮ, ಎಲ್ರೂ ನನ್ನ ಎದೆ ನೋಡ್ತಿದ್ರಿ. ಎದೆ ನೋಡಿಸ್ಕೊಂಡು ಕೂರೋದು ಎಷ್ಟು ಕಷ್ಟ ಗೊತ್ತಾ? ನಿಮಗೆ ನೆಮ್ಮದಿ ಸಿಗ್ಲಿ ಅಂತ ಮಾಡ್ದೆ. ನೀನು ಒಳಗೆ ಸೆರಗು ಕಚ್ಕೊಂಡು ನಿಂತಿರ್ತೀಯ ಅಂತ ಹೊಳೀಲಿಲ್ಲ."

ಅತ್ತೆ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದರು. "ಏನು ಮಾತಾಡ್ತಿದೀರ ನೀವಿಬ್ರೂ?" ಎಂದರು.

ಮಾವ 'ಲೈವ್' ಒತ್ತಿದರು. "ಕೂತ್ಕೋ" ಎಂದು ಸೋಫಾ ತೋರಿಸಿದರು. "ಫೋನ್ ಆಫ್ ಮಾಡಿ ಕೂತ್ಕೋ."

ಅವಳು ಕೂತಳು. ಪೆನಾಲ್ಟಿ ಇನ್ನೂ ಹೊಡೆಯಬೇಕಿತ್ತು. ಯಜಮಾನನ ಬದಲು ಬೇರೊಬ್ಬ ಚೆಂಡಿನ ಹಿಂದೆ ನಿಂತಿದ್ದ. ಏನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ, ಮಾವನಿಗೆ ಗೊತ್ತಿಲ್ಲದ್ದು ಅವಳಿಗೂ ಗೊತ್ತಿರಲಿಲ್ಲ. ಅವಳ ಕೈ ತನ್ನಷ್ಟಕ್ಕೆ ಹೋಗಿ ಮಾವನ ನಾಡಿ ಹಿಡಿಯಿತು. ಅವರು ಆ ಕೈಯನ್ನು ತಿರುಗಿಸಿ, ಅವಳ ನಾಡಿಯ ಮೇಲೆ ತಮ್ಮ ಹೆಬ್ಬೆರಳಿಟ್ಟರು.

ರೆಫರಿ ಶಿಳ್ಳೆ ಊದಿದ. ಚೆಂಡಿನ ಹಿಂದಿದ್ದವನು ಓಡಿಬಂದು ಒದ್ದ. ಚೆಂಡು ಗೋಲಿನ ಅಡ್ಡಕಂಬದ ಮೇಲಿನಿಂದ ಹಾರಿ, ಜನರ ನಡುವೆ ಎಲ್ಲೋ ಹೋಗಿ ಬಿತ್ತು.

"ಥೂ ಮುಂಡೇದೇ! ಕಣ್ಣು ಕಾಣ್ಸಲ್ವೇನೋ ನಿಂಗೆ!"

ಕೂಗಿದವಳು ಸೊಸೆ. ಅತ್ತೆಯ ಬಾಯಿ ತೆರೆದಿದ್ದು ತೆರೆದೇ ಇತ್ತು. ಮಾವ ಎದೆಯ ಮೇಲೆ ಕೈ ಇಟ್ಟುಕೊಂಡು ಸೊಸೆಯತ್ತ ತಿರುಗಿದರು. ಆಪರೇಷನ್ನಾದ ಮೇಲೆ ಅವರು ನಿಜವಾಗಿ ಬೆಚ್ಚಿಬಿದ್ದದ್ದು ಅದೇ ಮೊದಲು.

"ಏನಾಯ್ತು ಮಾವ? ನೋವಾ?" ಎಂದು ಅವಳು ಕೇಳಿದಳು.

"ಇಲ್ಲಮ್ಮ" ಎಂದರು ಮಾವ. ಅವರ ಹೆಬ್ಬೆರಳು ಇನ್ನೂ ಅವಳ ಮಣಿಕಟ್ಟಿನ ಮೇಲೇ ಇತ್ತು. "ನಂದು ಸರಿಯಾಗೇ ಇದೆ. ನಿಂದು ಎಣಿಸೋಕೇ ಆಗ್ತಿಲ್ಲ."